ಗಣಕದಲ್ಲಿ ಕಟ್ಟುವ ಫುಟ್‌ಬಾಲ್ ಕ್ರೀಡಾಂಗಣ



ಫುಟ್‌ಬಾಲ್ ಕ್ರೀಡಾಂಗಣ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಸಿರು ಮೈದಾನ, ಅದರ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಗ್ಯಾಲರಿ, ರಾತ್ರಿಯ ಪಂದ್ಯವಾದರೆ ಬೆಳಕು ಚೆಲ್ಲುವ ಎತ್ತರದ ಕಂಬಗಳು. ಇಂಥ ಕ್ರೀಡಾಂಗಣವೊಂದನ್ನು ಇಟ್ಟಿಗೆ, ಸಿಮೆಂಟು, ಕಬ್ಬಿಣಗಳ ಗೊಡವೆಯಿಲ್ಲದೆ ಗಣಕಯಂತ್ರದ ಪರದೆಯ ಮೇಲೆ ಕಟ್ಟುವುದು ಇಂದು ಅನೇಕರ ಹವ್ಯಾಸವಾಗಿದೆ. ಅಂಚೆಚೀಟಿ ಸಂಗ್ರಹದಂತೆ, ಬಾನುಲಿ ಉಪಕರಣಗಳ ಜೋಡಣೆಯಂತೆ ಇದೂ ಬಿಡುವಿನ ವೇಳೆಯ ಕೆಲಸವೇ. ಆದರೆ ಇದರಲ್ಲಿ ಹತ್ತನೆಯ ತರಗತಿಯ ರೇಖಾಗಣಿತಕ್ಕೂ ಸಾವಿರಾರು ಜನರ ಕ್ಷೇಮಕ್ಕೂ ನೇರವಾದ ನಂಟಿದೆ.

ಕಾರ್ಯಕ್ರಮವನ್ನು ನೋಡುತ್ತಿರುವಾಗ ಅಂಕಿಗಳನ್ನು ಬರೆದುಕೊಳ್ಳುವಷ್ಟು ಸಮಯ ಸಿಗುವುದಿಲ್ಲ. ಆದ್ದರಿಂದ ಲೆಕ್ಕಗಳನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದೆ. ಒಂದು ಕಾಗದ, ಪೆನ್ಸಿಲು ಹತ್ತಿರವಿಟ್ಟುಕೊಂಡು ಓದಿದರೆ ಒಳ್ಳೆಯದು.

ಎಲ್ಲಿಂದ ಆರಂಭ?

ಹೊಸಬರು ಸಾಮಾನ್ಯವಾಗಿ ಛಾವಣಿಯಿಂದ ಆರಂಭಿಸುತ್ತಾರೆ. ಹಕ್ಕಿಯ ರೆಕ್ಕೆಯಂತೆ ಬಾಗಿದ ಛಾವಣಿ, ಬಣ್ಣ ಬಣ್ಣದ ಹೊರಗೋಡೆ, ದೊಡ್ಡ ಮಹಾದ್ವಾರ, ಇವು ಕಣ್ಣಿಗೆ ಹಿತವಾಗಿ ಕಾಣುತ್ತವೆ ನಿಜ. ಆದರೆ ಕ್ರೀಡಾಂಗಣವೆಂದರೆ ಹೊರಗಿನಿಂದ ನೋಡುವ ಕಟ್ಟಡವಲ್ಲ, ಒಳಗೆ ಕುಳಿತು ನೋಡುವ ಕಟ್ಟಡ. ಅದರ ಬೆಲೆ ಗೊತ್ತಾಗುವುದು ಅತ್ಯುತ್ತಮ ಆಸನದಿಂದಲ್ಲ, ಅತಿ ಕಳಪೆಯ ಆಸನದಿಂದ. ಕೊನೆಯ ಸಾಲಿನ ಮೂಲೆಯಲ್ಲಿ ಕುಳಿತವನಿಗೆ ಚೆಂಡು ಕಾಣುತ್ತದೆಯೇ? ಆಟ ಮುಗಿದ ಮೇಲೆ ಅವನು ತಳ್ಳಾಟವಿಲ್ಲದೆ ಹೊರಗೆ ಬರಬಲ್ಲನೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ಕ್ರೀಡಾಂಗಣದ ಆಕಾರ ಬಹುಮಟ್ಟಿಗೆ ತಾನಾಗಿಯೇ ರೂಪುಗೊಳ್ಳುತ್ತದೆ.

ಆದ್ದರಿಂದ ಮೊದಲು ಎಳೆಯಬೇಕಾದದ್ದು ಆಟದ ಅಂಗಳ. ಅಂತರರಾಷ್ಟ್ರೀಯ ಪಂದ್ಯಗಳಿಗೆ ಸಾಮಾನ್ಯವಾಗಿ ಬಳಸುವ ಅಳತೆ 105 ಮೀಟರ್ ಉದ್ದ, 68 ಮೀಟರ್ ಅಗಲ. ಇದನ್ನು 500ಕ್ಕೆ 1ರ ಪ್ರಮಾಣದಲ್ಲಿ ಕಾಗದದ ಮೇಲೆ ಬರೆದರೆ 21 ಸೆಂಟಿಮೀಟರ್ ಉದ್ದ, 13.6 ಸೆಂಟಿಮೀಟರ್ ಅಗಲದ ಆಯತವಾಗುತ್ತದೆ. ಗಣಕವಿಲ್ಲದವರು ಇದೇ ಪ್ರಮಾಣದಲ್ಲಿ ರಟ್ಟು, ಥರ್ಮೋಕೋಲುಗಳಿಂದ ಮಾದರಿಯನ್ನು ಮಾಡಬಹುದು. ಗಣಕದಲ್ಲಿಯಾದರೆ ಪ್ರಮಾಣ ಇಳಿಸುವ ಅಗತ್ಯವೇ ಇಲ್ಲ. ಅಲ್ಲಿ 105 ಮೀಟರ್ ಎಂದರೆ 105 ಮೀಟರೇ. ಇದು ಗಣಕದ ಮೊದಲ ಅನುಕೂಲ.

ಅಂಗಳವನ್ನು ಯಾವ ದಿಕ್ಕಿಗೆ ಇಡಬೇಕು? ಉದ್ದವು ಸುಮಾರಾಗಿ ಉತ್ತರ ದಕ್ಷಿಣಕ್ಕೆ ಇರಬೇಕು. ಪೂರ್ವ ಪಶ್ಚಿಮಕ್ಕೆ ಇಟ್ಟರೆ ಸಂಜೆಯ ಆಟದಲ್ಲಿ ಒಂದು ತಂಡದ ಗೋಲಿ ಇಳಿಬಿಸಿಲನ್ನು ನೇರವಾಗಿ ಎದುರಿಸಬೇಕಾಗುತ್ತದೆ. ಮುಖ್ಯ ಗ್ಯಾಲರಿಯನ್ನು ಸಾಮಾನ್ಯವಾಗಿ ಪಶ್ಚಿಮ ಬದಿಯಲ್ಲಿ ಕಟ್ಟುವುದಕ್ಕೂ ಇದೇ ಕಾರಣ. ಅಲ್ಲಿ ಕುಳಿತವರಿಗೆ ಸಂಜೆಯ ಸೂರ್ಯ ಬೆನ್ನ ಹಿಂದಿರುತ್ತಾನೆ.

ಮುಂದಿನವನ ತಲೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಜಾತ್ರೆಯಲ್ಲಿ ಬಯಲಾಟ ನೋಡುವಾಗ ಮುಂದೆ ಕುಳಿತವನ ರುಮಾಲು ಅಡ್ಡ ಬಂದರೆ ನಾವು ಕತ್ತು ಉದ್ದ ಮಾಡುತ್ತೇವೆ. ನಾವು ಕತ್ತು ಉದ್ದ ಮಾಡಿದರೆ ನಮ್ಮ ಹಿಂದಿನವನು ಎದ್ದು ನಿಲ್ಲುತ್ತಾನೆ. ಕ್ರೀಡಾಂಗಣದ ಎಂಜಿನಿಯರನ ಮುಂದಿರುವುದೂ ಇದೇ ಸಮಸ್ಯೆ. ಪ್ರತಿಯೊಬ್ಬನಿಗೂ ಮುಂದಿನವನ ತಲೆಯ ಮೇಲಿನಿಂದ ಅಂಗಳದ ಹತ್ತಿರದ ಅಂಚುರೇಖೆ ಕಾಣಬೇಕು. ಅಂಚುರೇಖೆಯೇ ಏಕೆ? ಪ್ರೇಕ್ಷಕನಿಗೆ ಅತಿ ಹತ್ತಿರದ, ಆದ್ದರಿಂದ ಮುಂದಿನವರ ತಲೆಗಳಿಂದ ಮರೆಯಾಗುವ ಸಂಭವ ಹೆಚ್ಚಾಗಿರುವ ಜಾಗ ಅದೇ. ಅದು ಕಂಡರೆ ಅದರಾಚೆಯ ಅಂಗಳವೂ ಕಾಣುತ್ತದೆ.

ಹಿಂದಿನ ಸಾಲಿನವನ ಕಣ್ಣಿನಿಂದ ಅಂಚುರೇಖೆಗೆ ಒಂದು ನೇರ ಗೆರೆ ಎಳೆಯಿರಿ. ಇದೇ ದೃಷ್ಟಿರೇಖೆ. ಈ ಗೆರೆ ಮುಂದಿನ ಸಾಲಿನವನ ಕಣ್ಣಿನ ಮಟ್ಟಕ್ಕಿಂತ ಎಷ್ಟು ಮೇಲೆ ಹಾದುಹೋಗುತ್ತದೆಯೋ ಆ ಅಂತರಕ್ಕೆ 'ಸಿ-ಮೌಲ್ಯ' ಎಂದು ಹೆಸರು. ಮನುಷ್ಯನ ಕಣ್ಣಿನಿಂದ ನೆತ್ತಿಯವರೆಗೆ ಸುಮಾರು 120 ಮಿಲಿಮೀಟರ್ ಎಂದಿಟ್ಟುಕೊಂಡರೆ, ಸಿ-ಮೌಲ್ಯ 120 ಮಿಲಿಮೀಟರ್ ಇದ್ದಾಗ ಮುಂದಿನವನ ತಲೆಯ ಮೇಲಿನಿಂದ ಸರಾಗವಾಗಿ ಕಾಣುತ್ತದೆ. 90 ಮಿಲಿಮೀಟರ್ ಇದ್ದರೆ ತಲೆಯನ್ನು ತುಸು ಎತ್ತಿ ನೋಡಬೇಕು. 60 ಮಿಲಿಮೀಟರ್ ಆದರೆ ಇಬ್ಬರ ತಲೆಗಳ ನಡುವಿನಿಂದ ಇಣುಕಬೇಕು. ಹೊಸ ಫುಟ್‌ಬಾಲ್ ಕ್ರೀಡಾಂಗಣಗಳಿಗೆ 90 ಒಳ್ಳೆಯ ಅಳತೆ, 60 ಒಪ್ಪಬಹುದಾದ ಕನಿಷ್ಠ ಅಳತೆ ಎಂದು ಭಾವಿಸಲಾಗಿದೆ.

ಇನ್ನು ಲೆಕ್ಕ. ನೀವು ಕಲಿತ ಸಮರೂಪ ತ್ರಿಭುಜಗಳನ್ನು ಜ್ಞಾಪಿಸಿಕೊಳ್ಳಿ. ಅಂಚುರೇಖೆಯನ್ನು ಶೃಂಗವಾಗಿಟ್ಟುಕೊಂಡ ಎರಡು ತ್ರಿಭುಜಗಳಿಂದ ಈ ಸಂಬಂಧ ದೊರೆಯುತ್ತದೆ:

ಹಿಂದಿನವನ ಕಣ್ಣಿನ ಎತ್ತರ ÷ ಹಿಂದಿನವನ ದೂರ = (ಮುಂದಿನವನ ಕಣ್ಣಿನ ಎತ್ತರ + ಸಿ-ಮೌಲ್ಯ) ÷ ಮುಂದಿನವನ ದೂರ

ಎತ್ತರವನ್ನು ಅಂಗಳದ ಮಟ್ಟದಿಂದಲೂ ದೂರವನ್ನು ಅಂಚುರೇಖೆಯಿಂದಲೂ ಅಳೆಯಬೇಕು. ಒಂದು ಉದಾಹರಣೆ ನೋಡೋಣ. ಮೊದಲ ಸಾಲಿನವನು ಅಂಚುರೇಖೆಯಿಂದ 8 ಮೀಟರ್ ದೂರದಲ್ಲಿದ್ದಾನೆ. ಅವನ ಕಣ್ಣು ಅಂಗಳದಿಂದ 2 ಮೀಟರ್ ಎತ್ತರದಲ್ಲಿದೆ. ಸಾಲಿನಿಂದ ಸಾಲಿಗೆ ಅಂತರ 0.80 ಮೀಟರ್. ಸಿ-ಮೌಲ್ಯ 90 ಮಿಲಿಮೀಟರ್, ಅಂದರೆ 0.09 ಮೀಟರ್.

ಎರಡನೆಯ ಸಾಲಿನ ಕಣ್ಣಿನ ಎತ್ತರ: (2.00 + 0.09) ÷ 8 × 8.8 = 2.299 ಮೀಟರ್.
ಮೂರನೆಯ ಸಾಲು: (2.299 + 0.09) ÷ 8.8 × 9.6 = 2.606 ಮೀಟರ್.
ನಾಲ್ಕನೆಯ ಸಾಲು: (2.606 + 0.09) ÷ 9.6 × 10.4 = 2.921 ಮೀಟರ್.

ಅಂದರೆ ಮೊದಲ ಮೆಟ್ಟಿಲು 299 ಮಿಲಿಮೀಟರ್, ಎರಡನೆಯದು 307, ಮೂರನೆಯದು 315. ಮೆಟ್ಟಿಲುಗಳು ಒಂದೇ ಸಮನಾಗಿಲ್ಲ, ಮೇಲೆ ಹೋದಂತೆ ಎತ್ತರವಾಗುತ್ತಿವೆ! ಹೀಗೆಯೇ ಮುಂದುವರಿಸಿದರೆ 31ನೆಯ ಸಾಲಿಗೆ ಬರುವಾಗ ಮೆಟ್ಟಿಲು ಸುಮಾರು 418 ಮಿಲಿಮೀಟರ್ ಆಗಿರುತ್ತದೆ, ಅಲ್ಲಿ ಕುಳಿತವನ ಕಣ್ಣು 13.13 ಮೀಟರ್ ಎತ್ತರದಲ್ಲಿರುತ್ತದೆ. ಗ್ಯಾಲರಿಯನ್ನು ಪಕ್ಕದಿಂದ ನೋಡಿದರೆ ಅದು ನೇರ ಇಳಿಜಾರಲ್ಲ, ಮೆಲ್ಲನೆ ಮೇಲೆ ಬಾಗುವ ಬಟ್ಟಲಿನ ಅಂಚು. ಆ ಬಟ್ಟಲಿನ ಆಕಾರವನ್ನು ಯಾವ ಕಲಾವಿದನೂ ಅಂದಕ್ಕಾಗಿ ಬರೆದದ್ದಲ್ಲ. ಮುಂದಿನವನ ತಲೆಯೇ ಅದನ್ನು ಬರೆಯಿತು ಎನ್ನಬಹುದು. ನಿಜವಾದ ಕಟ್ಟಡದಲ್ಲಿ ಒಂದೊಂದು ಸಾಲಿಗೂ ಬೇರೆ ಎತ್ತರದ ಕಾಂಕ್ರೀಟು ಎರಕ ಹೊಯ್ಯುವುದು ದುಬಾರಿ. ಆದ್ದರಿಂದ ಕೆಲವು ಸಾಲುಗಳ ಗುಂಪಿಗೆ ಒಂದೇ ಎತ್ತರವನ್ನು ಇಟ್ಟು ಬಾಗನ್ನು ತುಂಡು ತುಂಡಾಗಿ ಸಾಧಿಸುತ್ತಾರೆ.

ಈಗ ಸಿ-ಮೌಲ್ಯವನ್ನು 90ರಿಂದ 60ಕ್ಕೆ ಇಳಿಸಿ ಇದೇ ಲೆಕ್ಕ ಮಾಡಿ. 31ನೆಯ ಸಾಲಿನ ಕಣ್ಣಿನ ಎತ್ತರ 11.42 ಮೀಟರಿಗೆ ಇಳಿಯುತ್ತದೆ. 120ಕ್ಕೆ ಏರಿಸಿದರೆ 14.84 ಮೀಟರ್ ಆಗುತ್ತದೆ. ಕಣ್ಣಿನ ಬಳಿಯ 30 ಮಿಲಿಮೀಟರ್ ಇಡೀ ಕಟ್ಟಡದಲ್ಲಿ 1.7 ಮೀಟರ್ ಆಗುವುದು ಹೀಗೆ. ಅಷ್ಟು ಕಾಂಕ್ರೀಟು, ಅಷ್ಟು ಕಬ್ಬಿಣ, ಅಷ್ಟು ಹಣ. ಹಣ ಉಳಿಸಲು ಬಯಸುವವನು ಮೊದಲು ಕೈಹಾಕುವುದು ಇಲ್ಲಿಗೇ, ಅದರ ಫಲ ಅನುಭವಿಸುವವನು ಹಿಂದಿನ ಸಾಲಿನ ಪ್ರೇಕ್ಷಕ. ಹಾಗೆಂದು ಎತ್ತರವನ್ನು ಬೇಕಾದಷ್ಟು ಹೆಚ್ಚಿಸುವಂತೆಯೂ ಇಲ್ಲ. ಆಸನಗಳಿರುವ ಗ್ಯಾಲರಿಯ ಇಳಿಜಾರು 34 ಡಿಗ್ರಿ ಮೀರಬಾರದು ಎಂಬುದು ಬ್ರಿಟನ್ನಿನ ಸುರಕ್ಷತಾ ಕೈಪಿಡಿಯ ಸಲಹೆ. ಅದಕ್ಕಿಂತ ಕಡಿದಾದರೆ ಇಳಿಯುವವನಿಗೆ ತಲೆ ಸುತ್ತು ಬರಬಹುದು, ಒಬ್ಬ ಮುಗ್ಗರಿಸಿದರೆ ಕೆಳಗಿನವರೆಲ್ಲ ಬೀಳಬಹುದು.

ಹಳೆಯ ವಿಚಾರ, ಹೊಸ ಯಂತ್ರ

ಈ ಬಾಗಿನ ವಿಚಾರ ಇತ್ತೀಚಿನದೇನೂ ಅಲ್ಲ. ಸ್ಕಾಟ್ಲೆಂಡಿನ ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್ 1838ರಲ್ಲಿಯೇ ಸಭಾಂಗಣಗಳಲ್ಲಿ ಎಲ್ಲರಿಗೂ ಸಮನಾಗಿ ಕಾಣುವಂತೆ, ಕೇಳುವಂತೆ ಆಸನಗಳನ್ನು ಎಂಥ ವಕ್ರರೇಖೆಯಲ್ಲಿ ಏರಿಸಬೇಕೆಂದು ಒಂದು ಲೇಖನದಲ್ಲಿ ವಿವರಿಸಿದ್ದ. ಕಾಲುವೆಯ ನೀರಿನಲ್ಲಿ ಆಕಾರ ಕೆಡದೆ ಸಾಗುವ ಒಂಟಿ ಅಲೆಯನ್ನು 1834ರಲ್ಲಿ ಗಮನಿಸಿದವನೂ ಇವನೇ ಎಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಕೇಳಿರಬಹುದು.

ಈ ಲೆಕ್ಕಕ್ಕೆ ಗಣಕವನ್ನು ಜೊತೆಮಾಡಿದ ಮೊದಲಿಗರಲ್ಲಿ ಇಟಲಿಯ ವಾಸ್ತುಶಿಲ್ಪಿ ಲುಯಿಜಿ ಮೊರೆಟ್ಟಿ ಒಬ್ಬ. 1960ರಲ್ಲಿ ಮಿಲಾನ್ ನಗರದ ತ್ರಿಯೆನ್ನಾಲೆ ಪ್ರದರ್ಶನದಲ್ಲಿ ಆತ ಕ್ರೀಡಾಂಗಣಗಳ ಮಾದರಿಗಳನ್ನು ಇಟ್ಟಿದ್ದ. ನೋಟದ ಕೋನ, ಕಾಂಕ್ರೀಟಿನ ವೆಚ್ಚ ಮುಂತಾದ 19 ಅಂಶಗಳನ್ನು ಸಂಖ್ಯೆಗಳಾಗಿ ಪರಿಗಣಿಸಿ, ಐಬಿಎಂ 610 ಎಂಬ ಗಣಕದ ನೆರವಿನಿಂದ ಅವುಗಳ ಆಕಾರವನ್ನು ನಿರ್ಧರಿಸಲಾಗಿತ್ತು. ಸಂಖ್ಯೆ ಬದಲಾದರೆ ಆಕಾರವೂ ಬದಲಾಗುತ್ತದೆ. ಈ ಕ್ರಮಕ್ಕೆ ಪ್ಯಾರಾಮೆಟ್ರಿಕ್ ವಿನ್ಯಾಸ ಎಂಬ ಹೆಸರು ಬಂದಿದೆ. ಅಂದು ಸಂಸ್ಥೆಗಳ ಪಾಲಿಗೆ ಮಾತ್ರ ಇದ್ದ ಆ ಯಂತ್ರಕ್ಕಿಂತ ಹೆಚ್ಚು ಸಾಮರ್ಥ್ಯದ ಗಣಕ ಇಂದು ಶಾಲೆಯ ಪ್ರಯೋಗಾಲಯದಲ್ಲಿಯೇ ಇದೆ.

ಗಣಕದಲ್ಲಿ ಕೆಲಸ ಮಾಡುವ ಬಗೆ

ಮೊದಲ ಕೆಲಸ ಕೋಷ್ಟಕ. ಸ್ಪ್ರೆಡ್‌ಶೀಟ್ ತಂತ್ರಾಂಶದಲ್ಲಿ ಸಾಲಿನ ಸಂಖ್ಯೆ, ದೂರ, ಕಣ್ಣಿನ ಎತ್ತರ, ಮೆಟ್ಟಿಲಿನ ಎತ್ತರ ಎಂದು ನಾಲ್ಕು ಕಂಬಸಾಲುಗಳನ್ನು ಮಾಡಿ ಮೇಲಿನ ಸೂತ್ರವನ್ನು ಒಮ್ಮೆ ಬರೆದರೆ ಸಾಕು. ಸಿ-ಮೌಲ್ಯವನ್ನು ಬದಲಿಸಿದೊಡನೆ ಇಡೀ ಕೋಷ್ಟಕ ಬದಲಾಗುತ್ತದೆ. ಮೊರೆಟ್ಟಿಯ ಕ್ರಮವನ್ನು ನೀವೂ ಅನುಸರಿಸಿದಂತಾಯಿತು.

ಎರಡನೆಯ ಕೆಲಸ ಮೂರು ಆಯಾಮಗಳ ಚಿತ್ರ. ಇದಕ್ಕೆ ಬ್ಲೆಂಡರ್ ಎಂಬ ತಂತ್ರಾಂಶ ಅನುಕೂಲ. 2002ರಿಂದ ಅದು ಮುಕ್ತ ತಂತ್ರಾಂಶವಾಗಿದೆ, ಹಣ ಕೊಡಬೇಕಾಗಿಲ್ಲ. 2000ದಲ್ಲಿ ಬಂದ ಸ್ಕೆಚ್‌ಅಪ್ ಕಲಿಯಲು ಇನ್ನೂ ಸುಲಭ. ಕೋಷ್ಟಕದಲ್ಲಿ ದೊರೆತ ಮೆಟ್ಟಿಲುಗಳನ್ನು ಮೊದಲು ಅಡ್ಡಕೊಯ್ತದ ಗೆರೆಯಾಗಿ ಬರೆಯಬೇಕು. ಇಲ್ಲಿ ಒಂದು ಎಚ್ಚರಿಕೆ ಬೇಕು. ಕೋಷ್ಟಕದಲ್ಲಿರುವುದು ಕಣ್ಣಿನ ಎತ್ತರ. ಕುಳಿತವನ ಕಣ್ಣು ನೆಲದಿಂದ ಸುಮಾರು 1.2 ಮೀಟರ್ ಮೇಲಿರುತ್ತದೆ. ಅಷ್ಟನ್ನು ಕಳೆದರೆ ಮೆಟ್ಟಿಲಿನ ನೆಲ ಸಿಗುತ್ತದೆ. ಆ ಗೆರೆಯನ್ನು ಅಂಗಳದ ಉದ್ದಕ್ಕೂ ಎಳೆದರೆ ಒಂದು ಬದಿಯ ಗ್ಯಾಲರಿ ಸಿದ್ಧ. ಮೂಲೆಯಲ್ಲಿ ಅದೇ ಗೆರೆಯನ್ನು ವೃತ್ತದ ಕಂಸದ ಮೇಲೆ ತಿರುಗಿಸಬೇಕು.

ಮೂರನೆಯದು ಆಸನಗಳು. ಹೊಸಬರ ಗಣಕ ನಿಂತುಹೋಗುವುದು ಇಲ್ಲಿಯೇ. ಒಂದು ಆಸನವನ್ನು ಚೆಂದವಾಗಿ ಬರೆಯಲು 500 ಚಿಕ್ಕ ಮುಖಗಳು ಬೇಕಾದವು ಎಂದುಕೊಳ್ಳಿ. 20,000 ಆಸನಗಳಿಗೆ ಒಂದು ಕೋಟಿ ಮುಖಗಳಾಗುತ್ತವೆ! ಇದಕ್ಕೆ ಉಪಾಯವಿದೆ. ಆಸನದ ಪ್ರತಿಗಳನ್ನು ಬೇರೆ ಬೇರೆಯಾಗಿ ಮಾಡದೆ, ಒಂದೇ ಮೂಲ ಆಸನವನ್ನು ಬೇರೆ ಬೇರೆ ಸ್ಥಾನದಲ್ಲಿ ತೋರಿಸುವಂತೆ ಗಣಕಕ್ಕೆ ಹೇಳಬಹುದು. ಒಂದೇ ಅಚ್ಚುಮೊಳೆಯಿಂದ ಪುಟದ ತುಂಬ ಅಕ್ಷರ ಒತ್ತಿದ ಹಾಗೆ. ಆಗ ಗಣಕ ನೆನಪಿಡಬೇಕಾದದ್ದು ಒಂದು ಆಸನ ಮತ್ತು 20,000 ಸ್ಥಾನಗಳು ಮಾತ್ರ. ದೂರದಿಂದ ಕಾಣುವ ಆಸನಗಳಿಗೆ ಆರು ಮುಖದ ಸರಳ ಪೆಟ್ಟಿಗೆಯೇ ಸಾಕು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕುಳಿತು ನೋಡುವುದು. ಈ ತಂತ್ರಾಂಶಗಳಲ್ಲಿ ಕಾಲ್ಪನಿಕ ಕ್ಯಾಮೆರಾ ಒಂದಿರುತ್ತದೆ. ಅದನ್ನು 31ನೆಯ ಸಾಲಿನ ಮೂಲೆಯ ಆಸನದ ಮೇಲೆ, ಕಣ್ಣಿನ ಎತ್ತರದಲ್ಲಿ ಇಡಿ. ಮುಂದಿನ ಸಾಲುಗಳಲ್ಲಿ ತಲೆಗಳ ಬದಲಿಗೆ ಗುಂಡುಗಳನ್ನು ಕೂರಿಸಿ. ಈಗ ಅಂಚುರೇಖೆ ಕಾಣುತ್ತದೆಯೇ ನೋಡಿ. ಹಳೆಯ ಗ್ಯಾಲರಿಗಳಲ್ಲಿದ್ದಂತೆ ಛಾವಣಿಗೆ ಕಂಬ ಕೊಟ್ಟಿದ್ದರೆ ಅದರ ಪರಿಣಾಮವೂ ಗೊತ್ತಾಗುತ್ತದೆ. ಪ್ರೇಕ್ಷಕನಿಂದ 10 ಮೀಟರ್ ದೂರದಲ್ಲಿರುವ 30 ಸೆಂಟಿಮೀಟರ್ ದಪ್ಪದ ಕಂಬ, 60 ಮೀಟರ್ ದೂರದಲ್ಲಿ 1.8 ಮೀಟರ್ ಅಗಲದ ಜಾಗವನ್ನು ಮರೆಮಾಡುತ್ತದೆ. ಒಬ್ಬ ಆಟಗಾರ ಅದರ ಹಿಂದೆ ಪೂರ್ತಿ ಅಡಗಬಹುದು. ಆದ್ದರಿಂದಲೇ ಈಗಿನ ಛಾವಣಿಗಳನ್ನು ಹಿಂಬದಿಯಲ್ಲಿ ಮಾತ್ರ ಆಧಾರ ಕೊಟ್ಟು ತೋಳಿನಂತೆ ಮುಂದಕ್ಕೆ ಚಾಚುತ್ತಾರೆ. ಕಾಗದದ ನಕ್ಷೆಯಲ್ಲಿ ಕಾಣದ ಇಂಥ ದೋಷಗಳು ಗಣಕದ ಕ್ಯಾಮೆರಾದಲ್ಲಿ ಒಂದು ಕ್ಷಣದಲ್ಲಿ ಕಾಣುತ್ತವೆ.

ದೂರದ ಮಿತಿ

ಅಡ್ಡಿಯಿಲ್ಲದಿದ್ದರೆ ಸಾಲದು, ಹತ್ತಿರವೂ ಇರಬೇಕು. ಫುಟ್‌ಬಾಲ್ ಚೆಂಡಿನ ವ್ಯಾಸ ಸುಮಾರು 22 ಸೆಂಟಿಮೀಟರ್. 190 ಮೀಟರ್ ದೂರದಿಂದ ಅದು ಚಾಚಿದ ಕೈಯಲ್ಲಿ ಹಿಡಿದ ರಾಗಿ ಕಾಳಿಗಿಂತಲೂ ಚಿಕ್ಕದಾಗಿ ಕಾಣುತ್ತದೆ. ಯಾವ ಆಸನವೂ ಅಂಗಳದ ಅತಿ ದೂರದ ಮೂಲೆಯಿಂದ 190 ಮೀಟರಿಗಿಂತ ಆಚೆ ಇರಬಾರದು, 150 ಮೀಟರಿನೊಳಗೆ ಇದ್ದರೆ ಉತ್ತಮ ಎಂಬುದು ವಿನ್ಯಾಸಕಾರರು ಒಪ್ಪಿಕೊಂಡಿರುವ ಮಿತಿ.

ನಮ್ಮ ಉದಾಹರಣೆಯಲ್ಲಿ 31ನೆಯ ಸಾಲು ಗೆರೆಯಿಂದ 32 ಮೀಟರ್ ಹಿಂದಿದೆ. ಪಕ್ಕದ ಗ್ಯಾಲರಿಯ ನಡುವಿನಿಂದ ಎದುರು ಬದಿಯ ಮೂಲೆಗೆ ಸುಮಾರು 113 ಮೀಟರ್. ಪೈಥಾಗೊರಸ್ ಪ್ರಮೇಯದಿಂದ ಪರೀಕ್ಷಿಸಿ ನೋಡಿ. ಗೋಲಿನ ಹಿಂದಿನ ಗ್ಯಾಲರಿಯ ನಡುವಿನಿಂದ 141 ಮೀಟರ್. ಎರಡೂ ಚೆನ್ನಾಗಿಯೇ ಇವೆ. ಆದರೆ ಗ್ಯಾಲರಿಯ ಮೂಲೆಯನ್ನು ಚೌಕವಾಗಿ ಕಟ್ಟಿದರೆ ಅಲ್ಲಿಯ ಕೊನೆಯ ಆಸನದಿಂದ ಎದುರು ಮೂಲೆಗೆ 170 ಮೀಟರ್ ಆಗುತ್ತದೆ. ಮೂಲೆಯನ್ನು ದುಂಡಾಗಿಸಿದರೆ ಅದು 157ಕ್ಕೆ ಇಳಿಯುತ್ತದೆ. ಫುಟ್‌ಬಾಲ್ ಕ್ರೀಡಾಂಗಣಗಳ ಮೂಲೆಗಳು ಅನೇಕ ಕಡೆ ದುಂಡಗಿರುವುದಕ್ಕೆ ಇದೂ ಒಂದು ಕಾರಣ.

ನಮ್ಮ ರಾಜ್ಯದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬೆಂಗಳೂರು ಎಫ್‌ಸಿ ತಂಡ 2014ರಿಂದ ತನ್ನ ತವರಿನ ಪಂದ್ಯಗಳನ್ನು ಆಡುತ್ತ ಬಂದಿರುವ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಅಂಗಳದ ಸುತ್ತ ಓಟದ ಪಥವಿದೆ. 400 ಮೀಟರ್ ಪಥದ ಈಗಿನ ಪ್ರಮಾಣಿತ ಅಳತೆಯಲ್ಲಿ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಹಾಗಾಗಿ ಒಳಗಿನ ಜಾಗದ ಪೂರ್ಣ ಉದ್ದ 157.39 ಮೀಟರ್. ಅದರಲ್ಲಿ 105 ಮೀಟರಿನ ಅಂಗಳವನ್ನು ಇಟ್ಟರೆ ಪ್ರತಿ ಗೋಲಿನ ಹಿಂದೆ 26 ಮೀಟರ್ ಉಳಿಯುತ್ತದೆ. 1.22 ಮೀಟರ್ ಅಗಲದ ಎಂಟು ಪಥಗಳನ್ನು ಸೇರಿಸಿದರೆ 36 ಮೀಟರ್. ಅಂದರೆ ಇಂಥ ಯಾವುದೇ ಕ್ರೀಡಾಂಗಣದಲ್ಲಿ ಗೋಲಿನ ಹಿಂದೆ ಕುಳಿತ ಮೊದಲ ಸಾಲಿನವನು, ಫುಟ್‌ಬಾಲಿಗೆಂದೇ ಕಟ್ಟಿದ ನಮ್ಮ ಮಾದರಿಯ ಕೊನೆಯ ಸಾಲಿನವನಿಗಿಂತಲೂ ಹಿಂದಿರುತ್ತಾನೆ! ಹಾಗೆಂದು ಪಥವನ್ನು ತಪ್ಪೆನ್ನಲಾಗದು. ಓಟಗಾರರಿಗೂ ಜಾಗ ಬೇಕಲ್ಲವೇ? ಒಂದು ಕಟ್ಟಡ ಎರಡು ಆಟಗಳಿಗೆ ದುಡಿದಾಗ ತೆರಬೇಕಾದ ಬೆಲೆ ಎಷ್ಟು ಎಂಬುದನ್ನು ಲೆಕ್ಕ ತಿಳಿಸುತ್ತದೆ, ಅಷ್ಟೆ.

ಹೊರಗೆ ಬರುವ ದಾರಿ

ಇಲ್ಲಿಯವರೆಗೆ ಕಣ್ಣಿನ ಮಾತಾಯಿತು. ಇನ್ನು ಕಾಲಿನ ಮಾತು. ಪರದೆಯ ಮೇಲಿನ ಕ್ರೀಡಾಂಗಣ ಸದಾ ಖಾಲಿಯಾಗಿರುವುದರಿಂದ ಹವ್ಯಾಸಿಗಳು ಮರೆತುಬಿಡುವುದು ಇದನ್ನೇ.

1971ರ ಜನವರಿ 2ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ಆಟ ಮುಗಿದು ಜನ ಹೊರಡುತ್ತಿದ್ದರು. 13ನೆಯ ಮೆಟ್ಟಿಲು ಸಾಲಿನಲ್ಲಿ ಇಳಿಯುತ್ತಿದ್ದವರು ಒಬ್ಬರ ಮೇಲೊಬ್ಬರು ಬಿದ್ದು 66 ಮಂದಿ ಸತ್ತರು. ಅಲ್ಲಿ ಬೆಂಕಿ ಬಿದ್ದಿರಲಿಲ್ಲ, ಕಟ್ಟಡ ಕುಸಿದಿರಲಿಲ್ಲ. ಅದೇ ಮೆಟ್ಟಿಲುಗಳಲ್ಲಿ 1961ರಲ್ಲಿಯೂ ಇಬ್ಬರು ಸತ್ತಿದ್ದರು. ಈ ದುರಂತದ ತರುವಾಯ ಲಾರ್ಡ್ ವೀಟ್ಲಿಯವರ ವರದಿ 1972ರಲ್ಲಿ ಹೊರಬಂತು. ಅದರ ಹಿಂದೆಯೇ 1973ರಲ್ಲಿ ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳ ಸುರಕ್ಷತಾ ಕೈಪಿಡಿ ಪ್ರಕಟವಾಯಿತು. ಗ್ರೀನ್ ಗೈಡ್ ಎಂದು ಪ್ರಸಿದ್ಧವಾದ ಆ ಕೈಪಿಡಿ ಅನೇಕ ಪರಿಷ್ಕರಣಗಳನ್ನು ಕಂಡು ಇಂದು ಬೇರೆ ದೇಶಗಳ ವಿನ್ಯಾಸಕಾರರಿಗೂ ಆಧಾರವಾಗಿದೆ. ಮೇಲೆ ಹೇಳಿದ 34 ಡಿಗ್ರಿಯ ಮಿತಿಯೂ ಅದರದೇ.

ಕೈಪಿಡಿಯ ಪ್ರಕಾರ ಸಮನೆಲದ ದಾರಿಯಲ್ಲಿ ಪ್ರತಿ ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನ, ಮೆಟ್ಟಿಲಿನಲ್ಲಿ 66 ಜನ ಹಾದುಹೋಗಬಲ್ಲರು. ಮಾಮೂಲಿನ ದಿನ ಎಲ್ಲರೂ 8 ನಿಮಿಷದೊಳಗೆ ಗ್ಯಾಲರಿಯಿಂದ ಹೊರದಾರಿಗೆ ಸೇರಬೇಕು. ಎರಡೂ ಬದಿಗೆ ದಾರಿಯಿರುವ ಸಾಲಿನಲ್ಲಿ 28ಕ್ಕಿಂತ ಹೆಚ್ಚು ಆಸನಗಳು ಇರಬಾರದು.

ನಮ್ಮ ಮಾದರಿಯನ್ನು ಪರೀಕ್ಷಿಸೋಣ. 31 ಸಾಲು, ಸಾಲಿಗೆ 28 ಆಸನ, ಒಟ್ಟು 868 ಜನ. ಪಕ್ಕದ ವಿಭಾಗಗಳೊಡನೆ ಹಂಚಿಕೊಂಡರೆ ಒಂದು ವಿಭಾಗಕ್ಕೆ ಒಂದು ಮೆಟ್ಟಿಲುದಾರಿ ಬಂದಂತಾಯಿತು. ಅದರ ಅಗಲ 1.2 ಮೀಟರ್ ಆದರೆ ನಿಮಿಷಕ್ಕೆ 79 ಜನ ಇಳಿಯುತ್ತಾರೆ. 868 ಜನ ಇಳಿಯಲು ಬೇಕಾಗುವ ಸಮಯ ಸುಮಾರು 11 ನಿಮಿಷ. ನಮ್ಮ ಸುಂದರ ಗ್ಯಾಲರಿ ಅನುತ್ತೀರ್ಣವಾಯಿತು!

ಏನು ಮಾಡಬೇಕು? ಸಾಲಿಗೆ 20 ಆಸನಗಳನ್ನು ಮಾತ್ರ ಇಟ್ಟರೆ 620 ಜನ ಆಗುತ್ತಾರೆ, 8 ನಿಮಿಷದೊಳಗೆ ಇಳಿದುಹೋಗುತ್ತಾರೆ. ಇಲ್ಲವೇ ಗ್ಯಾಲರಿಯ ನಡುಮಟ್ಟದಲ್ಲಿ ಒಂದು ಬಾಗಿಲನ್ನು ತೆರೆಯಬೇಕು. ಮೇಲಿನ 434 ಜನ ಇಳಿದು, ಕೆಳಗಿನ 434 ಜನ ಹತ್ತಿ ಅಲ್ಲಿಗೆ ಬಂದರೆ ಐದೂವರೆ ನಿಮಿಷ ಸಾಕು. ಆದರೆ ಎರಡು ಪ್ರವಾಹಗಳು ಕೂಡುವ ಆ ಬಾಗಿಲಿನ ದಾರಿ ಕಿರಿದಾಗಿದ್ದರೆ ಜನ ಅಲ್ಲಿಯೇ ಕಟ್ಟಿಕೊಳ್ಳುತ್ತಾರೆ. ಎರಡು ಮೀಟರ್ ಅಗಲ ಕೊಟ್ಟರೆ ನಿಮಿಷಕ್ಕೆ 164 ಜನ ಹಾದುಹೋಗಬಹುದು, ಕಟ್ಟಿಕೊಳ್ಳುವುದಿಲ್ಲ. ನದಿಗಳು ಕೂಡುವಲ್ಲಿ ಪಾತ್ರ ಅಗಲವಾಗುವಂತೆ ಹೊರದಾರಿಯೂ ಮುಂದೆ ಹೋದಂತೆ ಅಗಲವಾಗಬೇಕು, ಎಲ್ಲಿಯೂ ಕಿರಿದಾಗಬಾರದು. ಇದು ಕಂಠಪಾಠ ಮಾಡಬೇಕಾದ ನಿಯಮ.

ಒಳಬರುವ ದಾರಿಗೂ ಲೆಕ್ಕವಿದೆ. ಒಬ್ಬೊಬ್ಬರನ್ನೇ ಬಿಡುವ ತಿರುಗು ಗೇಟಿನಲ್ಲಿ ಗಂಟೆಗೆ 660 ಜನರಿಗಿಂತ ಹೆಚ್ಚನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಕೈಪಿಡಿ ಹೇಳುತ್ತದೆ. 20,000 ಜನ ಒಂದು ಗಂಟೆಯೊಳಗೆ ಒಳಬರಬೇಕಾದರೆ 31 ಗೇಟುಗಳು ಬೇಕು. ಗೇಟಿನ ಹೊರಗಿನ ರಸ್ತೆಯೂ ವಿನ್ಯಾಸದ ಭಾಗವೇ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಕ್ರಿಕೆಟ್ ತಂಡದ ವಿಜಯೋತ್ಸವಕ್ಕೆ ಬಂದ ಜನಸಂದಣಿಯ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಒಳಗಿನ ಆಸನಗಳ ಸಂಖ್ಯೆ, ಗೇಟಿನ ಅಗಲ, ರಸ್ತೆಯಲ್ಲಿ ನಿಂತವರ ಸಂಖ್ಯೆ, ಈ ಮೂರಕ್ಕೂ ಹೊಂದಿಕೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಾವು ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಆದ್ದರಿಂದ ನಿಮ್ಮ ಮಾದರಿ ಹೊರಗೋಡೆಗೆ ಮುಗಿಯದಿರಲಿ. ಗೇಟಿನ ಮುಂದಿನ ಬಯಲು, ರಸ್ತೆ, ಬಸ್ ನಿಲ್ದಾಣಗಳನ್ನೂ ಬರೆಯಿರಿ.

ಈ ಹವ್ಯಾಸದಿಂದ ಪ್ರಯೋಜನವೇನು?

ನೀವು ಬರೆದ ಕ್ರೀಡಾಂಗಣವನ್ನು ಯಾರೂ ಕಟ್ಟದಿರಬಹುದು. ಕಟ್ಟುವ ಕೆಲಸಕ್ಕೆ ಮಣ್ಣಿನ ಪರೀಕ್ಷೆ, ಗಾಳಿಯ ಒತ್ತಡ, ಬೆಂಕಿಯ ನಿಯಮ ಮುಂತಾದ ಎಷ್ಟೋ ವಿದ್ಯೆಗಳು ಬೇಕು, ಅವನ್ನು ಬಲ್ಲ ಎಂಜಿನಿಯರರು ಬೇಕು. ಆದರೆ ಈ ಕೆಲಸದಲ್ಲಿ ಪಳಗಿದವನು ಯಾವುದೇ ಸಭಾಂಗಣಕ್ಕೆ, ಚಿತ್ರಮಂದಿರಕ್ಕೆ, ಜಾತ್ರೆಯ ಚಪ್ಪರಕ್ಕೆ ಹೋದರೂ ಅವನ ಕಣ್ಣು ಮೊದಲು ಕೊನೆಯ ಸಾಲನ್ನೂ ಹೊರಹೋಗುವ ಬಾಗಿಲನ್ನೂ ಹುಡುಕುತ್ತದೆ. ಶಾಲೆಯ ವಾರ್ಷಿಕೋತ್ಸವದ ಕುರ್ಚಿಗಳನ್ನು ಹಾಕುವಾಗ ನಡುವೆ ದಾರಿ ಬಿಡಬೇಕೆಂದು ಅವನು ಹೇಳುತ್ತಾನೆ, ಎಷ್ಟು ಅಗಲ ಎಂಬುದನ್ನೂ ಹೇಳಬಲ್ಲ.

ನೀವೇ ಮಾಡಿ ನೋಡಿ

1. ಸಿ-ಮೌಲ್ಯ 120 ಮಿಲಿಮೀಟರ್ ಎಂದಿಟ್ಟು ಮೇಲಿನ ಉದಾಹರಣೆಯ ಎರಡನೆಯ, ಮೂರನೆಯ ಸಾಲುಗಳ ಕಣ್ಣಿನ ಎತ್ತರವನ್ನು ಕಂಡುಹಿಡಿಯಿರಿ. (ಉತ್ತರ: 2.332 ಮೀಟರ್, 2.675 ಮೀಟರ್)

2. ಓಟದ ಪಥದ ಆಚೆ, ಗೋಲುಗೆರೆಯಿಂದ 40 ಮೀಟರ್ ದೂರದಲ್ಲಿ ಮೊದಲ ಸಾಲು ಇದೆ. ಕಣ್ಣಿನ ಎತ್ತರ 2 ಮೀಟರ್, ಸಿ-ಮೌಲ್ಯ 90 ಮಿಲಿಮೀಟರ್, ಸಾಲಿನ ಅಂತರ 0.80 ಮೀಟರ್. ಮೊದಲ ಮೆಟ್ಟಿಲಿನ ಎತ್ತರವೆಷ್ಟು? (ಉತ್ತರ: ಸುಮಾರು 132 ಮಿಲಿಮೀಟರ್) ದೂರ ಹೆಚ್ಚಿದರೆ ಮೆಟ್ಟಿಲು ತಗ್ಗಾಗುವುದು ಏಕೆ? ಸ್ನೇಹಿತರೊಡನೆ ಚರ್ಚಿಸಿ.

3. ನಿಮ್ಮ ಶಾಲೆಯ ಅಥವಾ ಕಾಲೇಜಿನ ಸಭಾಂಗಣದ ಬಾಗಿಲುಗಳ ಅಗಲವನ್ನು ಅಳೆದು ಕೂಡಿಸಿ. ಒಳಗೆ ಎಷ್ಟು ಜನ ಕೂರುತ್ತಾರೆ? ಮೀಟರ್ ಅಗಲಕ್ಕೆ ನಿಮಿಷಕ್ಕೆ 82 ಜನರಂತೆ ಎಲ್ಲರೂ ಹೊರಬರಲು ಎಷ್ಟು ನಿಮಿಷ ಬೇಕು? ಒಂದು ಬಾಗಿಲಿಗೆ ಬೀಗ ಹಾಕಿದ್ದರೆ ಎಷ್ಟು? ಉತ್ತರವನ್ನು ಬರೆದು ನಿಮ್ಮ ಅಧ್ಯಾಪಕರಿಗೆ ತೋರಿಸಿ.